ಅಂಗೈಯಗಲದ ಕ್ಯಾಮೆರಾ, ಅರವತ್ತೊಂದು ಮುಖ

ಬೆಳಿಗ್ಗೆ ಐದೂ ಇಪ್ಪತ್ತು. ಚೆರ್ನಿ ದೋಲ್ ಕಲ್ಲಿದ್ದಲು ಗಣಿಯಲ್ಲಿ ದೀಪ ಕೊಡುವ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ಕೇವಾ ಇಲ್ಕೋವಾ ನಿಂತಿದ್ದಾರೆ. ಬಲಗೈ ಜೇಬಿನೊಳಗಿದೆ. ಆ ಜೇಬಿನಲ್ಲಿ ಸೋಪಿನ ಡಬ್ಬಿಯಷ್ಟು ದಪ್ಪದ ಕ್ಯಾಮೆರಾ ಇದೆ. ಮೊದಲ ಪಾಳಿಯ ಬಸ್ಸು ಬಂದು ನಿಲ್ಲುತ್ತದೆ. ಗಂಡಸರು ಕೆಮ್ಮುತ್ತಾ ಇಳಿಯುತ್ತಾರೆ. ಕೆಲವರ ಕೈಯಲ್ಲಿ ಎಣ್ಣೆ ಹತ್ತಿದ ಕಾಗದದಲ್ಲಿ ಸುತ್ತಿದ, ಚೀಸ್ ತುಂಬಿದ ಬಾನಿತ್ಸಾ ರೊಟ್ಟಿ ಇನ್ನೂ ಹಬೆಯಾಡುತ್ತಿದೆ. ಅವರು ದೀಪ ತೆಗೆದುಕೊಂಡು ಹೊರಬರುವಾಗ ಕೇವಾ ಒಬ್ಬೊಬ್ಬರನ್ನೇ ಬಾಗಿಲ ಎಡಗಡೆಯ ಗೋಡೆಗೆ ನಿಲ್ಲಿಸುತ್ತಾರೆ.

"ಇನ್ನೂ ಎಡಕ್ಕೆ. ಇನ್ನೂ. ಅಷ್ಟೇ, ಸಾಕು."

ಕ್ಲಿಕ್ ಎನ್ನುವ ಸದ್ದು ಬರುವುದಿಲ್ಲ. ಕ್ಯಾಮೆರಾ ಮತ್ತೆ ಜೇಬಿಗೆ ಇಳಿಯುತ್ತದೆ. ಫೋಟೋ ತೆಗೆದರೋ ಇಲ್ಲವೋ ಎಂದು ನಿಂತವನಿಗೇ ಅನುಮಾನ.

ಬಸ್ಸು ಬಂದಾಗಿನಿಂದ ಪಾಳಿ ಕೆಳಗಿಳಿಯುವವರೆಗೆ ನಲವತ್ತು ನಿಮಿಷ. ಅಷ್ಟರಲ್ಲಿ ನಾಲ್ಕು ಮುಖ ಸಿಕ್ಕರೆ ಅವತ್ತು ಒಳ್ಳೆಯ ದಿನ. ಎರಡೇ ಸಿಕ್ಕ ದಿನಗಳೂ ಇವೆ. ಗಣಿಯಲ್ಲಿ ಉಳಿದಿರುವವರು ಅರವತ್ತೊಂದು ಜನ. ಜೂನ್ ಮೂವತ್ತಕ್ಕೆ ಗಣಿಯ ಬಾಯಿಗೆ ಕಾಂಕ್ರೀಟು ಸುರಿಯುತ್ತಾರೆ. ಅದಕ್ಕೆ ಮುಂಚೆ ಅರವತ್ತೊಂದು ಮುಖವೂ ಬೇಕು ಎನ್ನುವುದು ಕೇವಾ ಹಟ. ಅರವತ್ತು ಆಗಿವೆ, ಸರಿಯಾಗಿ ಬಾರದ ಕೆಲವನ್ನು ಈಗ ಮತ್ತೆ ತೆಗೆಯುತ್ತಿದ್ದಾರೆ. ಒಂದು ಬಾಕಿ. ಇನ್ನು ಹನ್ನೊಂದು ದಿನ.

ಯಾಕೆ ಈ ಹಟ ಎಂದು ತಿಳಿಯಬೇಕಾದರೆ ನಮ್ಮೂರಿನ ಬಾಗಿಲುಗಳನ್ನು ನೋಡಬೇಕು. ಯಾರಾದರೂ ಸತ್ತರೆ ಹಾಳೆ ಅಚ್ಚಾಗುತ್ತದೆ. ಮೇಲೆ ಹೆಸರು, ನಡುವೆ ಫೋಟೋ, ಕೆಳಗೆ ನಾಲ್ಕು ಸಾಲು. ಅದನ್ನು ಮನೆಯ ಬಾಗಿಲಿಗೆ, ಬಸ್ ನಿಲ್ದಾಣಕ್ಕೆ, ಬ್ರೆಡ್ ಅಂಗಡಿಯ ಪಕ್ಕದ ಕಂಬಕ್ಕೆ ಅಂಟಿಸುತ್ತಾರೆ. ನಲವತ್ತನೇ ದಿನಕ್ಕೆ ಮತ್ತೊಂದು, ವರ್ಷಕ್ಕೆ ಇನ್ನೊಂದು, ಆಮೇಲೆ ಪ್ರತಿ ವರ್ಷ. ಹಾಲು ತರಲು ಹೋದವರು ನಿಂತು ಓದುತ್ತಾರೆ. ಗಣಿಯವನು ಸತ್ತರೆ ಮಾತ್ರ ಆ ನಡುವಿನ ಚೌಕಕ್ಕೆ ಏನೂ ಸಿಗುವುದಿಲ್ಲ. ಯಾರದೋ ಮದುವೆಯ ಗುಂಪಿನಿಂದ ಕತ್ತರಿಸಿದ ತಲೆ, ಭುಜದ ಮೇಲೆ ಬೇರೆ ಯಾರದೋ ಬೆರಳು. ಇಲ್ಲವಾದರೆ ಸೈನ್ಯಕ್ಕೆ ಸೇರಿದಾಗಿನ ಹತ್ತೊಂಬತ್ತು ವರ್ಷದ ಹುಡುಗ. ನೆಲದಡಿ ಮೂವತ್ತು ವರ್ಷ ಬಗ್ಗಿ ದುಡಿದ ಮನುಷ್ಯನ ಮುಖ ಹೇಗಿತ್ತು ಎಂದು ಆ ಹಾಳೆಯಿಂದ ಯಾರಿಗೂ ಗೊತ್ತಾಗುವುದಿಲ್ಲ. ರಾಜಧಾನಿಯಿಂದ ಮಂತ್ರಿ ಬಂದಾಗ ಅವರ ಹಿಂದೆ ಎಂಟು ಕ್ಯಾಮೆರಾ ಬಂದಿದ್ದವು. ಎಂಟೂ ಮಂತ್ರಿಯ ತಲೆಯ ಮೇಲಿದ್ದ ಹೊಸ ಹೆಲ್ಮೆಟ್ಟನ್ನೇ ತೆಗೆದವು.

ಕೇವಾಗೆ ಈಗ ಐವತ್ತೇಳು. ಇಪ್ಪತ್ತಾರು ವರ್ಷದಿಂದ ಈ ಊರಿನ ಹೆಸರಿಡುವ ಶಾಸ್ತ್ರ, ಶಾಲೆಯ ಗುಂಪು, ಓದು ಮುಗಿಸಿದ ದಿನ, ಮದುವೆ, ಎಲ್ಲವನ್ನೂ ತೆಗೆದವರು. ಹತ್ತು ವರ್ಷ ದೊಡ್ಡ ಡಿಎಸ್ಎಲ್ಆರ್ ಕ್ಯಾಮೆರಾ ಹೊತ್ತರು. ಲೆನ್ಸ್ ಸೇರಿ ಎರಡು ಕಿಲೋ. ಹೋದ ಚಳಿಗಾಲದಲ್ಲಿ ಬಲಭುಜದ ಸ್ನಾಯು ಹರಿಯಿತು. ಆ ಕೈಯಲ್ಲಿ ಇನ್ನು ನೀರಿನ ಜಗ್ಗು ಕೂಡ ಎತ್ತಬಾರದು ಎಂದರು ವೈದ್ಯರು.

ಆದರೆ ದೊಡ್ಡ ಕ್ಯಾಮೆರಾ ಕೈಬಿಡಲು ಭುಜವೊಂದೇ ಕಾರಣವಲ್ಲ. ಕೆಳಗಿಳಿಯುವ ಮುಂಚೆ ಫೋಟೋ ತೆಗೆಸಿಕೊಂಡವನು ಹತ್ತಿ ಬರುವುದಿಲ್ಲ ಎಂದು ಗಣಿಯವರ ನಂಬಿಕೆ. ಆ ಕರಿಯ ಕ್ಯಾಮೆರಾಕ್ಕೆ ಅವರಿಟ್ಟ ಹೆಸರೇ 'ಹಾಳೆ ಮೆಷೀನು'. ಕೇವಾ ಅದನ್ನು ಕುತ್ತಿಗೆಗೆ ಹಾಕಿಕೊಂಡು ಗೇಟಿನ ಹತ್ತಿರ ಬಂದರೆ ಗಂಡಸರು ದಾರಿ ಬದಲಿಸುತ್ತಿದ್ದರು. ಅದರ ಶಟರ್ ಸದ್ದು ಕೇಳಿ ಒಬ್ಬ ಮೂರು ಸಲ ಉಗುಳಿದ್ದನ್ನು ಅವರು ಕಣ್ಣಾರೆ ನೋಡಿದ್ದಾರೆ.

ಮೊಬೈಲ್ ಸಾಲದೇ ಎಂದು ಊರಿನವರೆಲ್ಲ ಕೇಳಿದರು. ಕೇವಾ ಉತ್ತರಕ್ಕೆ ತಡವರಿಸುವುದಿಲ್ಲ. ಗಣಿಯವರ ಹಣೆಯಲ್ಲಿ, ಮೂಗಿನ ಮೇಲೆ ನೀಲಿ ಗುರುತುಗಳಿರುತ್ತವೆ. ಗಾಯದೊಳಗೆ ಕಲ್ಲಿದ್ದಲ ಪುಡಿ ಕೂತು ಚರ್ಮ ಮುಚ್ಚಿಕೊಂಡಾಗ ಆಗುವ ಗುರುತು ಅದು. "ಮೊಬೈಲು ಅದನ್ನ ಮೊಡವೆ ಅಂದ್ಕೊಂಡು ಒರೆಸಿಬಿಡುತ್ತೆ. ಮುಖ ನುಣ್ಣಗೆ ಮಾಡಿಕೊಡುತ್ತೆ. ಆ ನೀಲಿ ಹೋದ್ಮೇಲೆ ಅವನು ನಮ್ಮವನು ಹೇಗಾಗ್ತಾನೆ?"

ಹಾಗಾಗಿ ಮಾರ್ಚಿನಲ್ಲಿ ರಾಜಧಾನಿ ಸೋಫಿಯಾಕ್ಕೆ ಹೋಗಿ ಹಳೆಯ ಕ್ಯಾಮೆರಾ ಮಾರುವ ಅಂಗಡಿಯಲ್ಲಿ ಮೂರು ಗಂಟೆ ನಿಂತರು. ಅಂಗಡಿಯವನು ಹೊಳೆಯುವ ಕೆಂಪು ಬಣ್ಣದ್ದೊಂದನ್ನು ಮುಂದಿಟ್ಟು, ಸಮುದ್ರಕ್ಕೆ ಹೋಗುತ್ತಿದ್ದೀರಾ, ಮೊಮ್ಮಕ್ಕಳಿಗಾ ಎಂದು ಕೇಳಿದ. ಇದರಲ್ಲಿ ಮೂವತ್ತು ಪಟ್ಟು ಜೂಮ್ ಇದೆ, ಚಂದ್ರನನ್ನೂ ಹಿಡಿಯಬಹುದು ಎಂದ. ಚಂದ್ರ ಗಣಿಗೆ ಬರುವುದಿಲ್ಲ ಎಂದರು ಕೇವಾ. ಜೂಮ್ ಹೆಚ್ಚಿದಷ್ಟೂ ಲೆನ್ಸಿಗೆ ಬರುವ ಬೆಳಕು ಕಡಿಮೆ ಎಂದು ಅವರಿಗೆ ಗೊತ್ತು. ಅವರಿಗೆ ಬೇಕಾದದ್ದು ಮೂರೇ: ಬೆಳಗಿನ ಅರೆಗತ್ತಲಲ್ಲೂ ಬೆಳಕು ಹೀರುವ ಅಗಲ ಬಾಯಿಯ ಲೆನ್ಸು, ಮೊಬೈಲಿಗಿಂತ ದೊಡ್ಡ ಸೆನ್ಸರ್, ಸದ್ದಿಲ್ಲದ ಶಟರು. ಅಂಗಡಿಯ ದೀಪ ಆರಿಸಲು ಹೇಳಿದರು. ಅವನು ನಗುತ್ತಾ ಆರಿಸಿದ. ಆ ಮಬ್ಬಿನಲ್ಲಿ ಐದು ಕ್ಯಾಮೆರಾಗಳಿಂದ ಅವನದೇ ಮುಖ ತೆಗೆದು, ಐದನ್ನೂ ದೊಡ್ಡದು ಮಾಡಿ ನೋಡಿದರು. ಅವನ ಗಲ್ಲದ ಮೇಲಿದ್ದ ಮಚ್ಚೆ ಒಂದರಲ್ಲಿ ಮಾತ್ರ ಮಚ್ಚೆಯಾಗಿಯೇ ಉಳಿದಿತ್ತು. ಮುನ್ನೂರು ಗ್ರಾಂ ತೂಗುವ ಆ ಹಳೆಯ ಕ್ಯಾಮೆರಾವನ್ನೇ ಕೊಂಡರು. ಡಿಎಸ್ಎಲ್ಆರ್ನ ಹಾಗೆ ಹಿನ್ನೆಲೆ ಬೆಣ್ಣೆಯಂತೆ ಕರಗುವುದಿಲ್ಲ, ಲೆನ್ಸ್ ಬದಲಿಸಲಾಗದು. ಇರಲಿ, ಗೋಡೆ ಗೋಡೆಯ ಹಾಗೇ ಕಾಣಲಿ ಎಂದುಕೊಂಡರು.

ಗಣಿಯವರು ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೇವಾ ಬಯಸಿದ್ದೂ ಅದನ್ನೇ. ದೀಪ ಕೊಡುವ ಮುದುಕ ಮೆತೋದಿ, "ಇದು ಆಟದ ಸಾಮಾನು, ಲೆಕ್ಕಕ್ಕಿಲ್ಲ. ಸೈತಾನನಿಗೂ ಇದು ಕಾಣಿಸಲ್ಲ," ಎಂದು ತೀರ್ಪು ಕೊಟ್ಟು ಮೊದಲು ತಾನೇ ಗೋಡೆಗೆ ನಿಂತ. ಆಮೇಲೆ ಒಬ್ಬೊಬ್ಬರಾಗಿ ಬಂದರು.

ಒಂದನ್ನು ಮಾತ್ರ ಕೇವಾ ಅಂಗಡಿಯಲ್ಲಿ ಯೋಚಿಸಿರಲಿಲ್ಲ. ಈ ಕ್ಯಾಮೆರಾದ ಲೆನ್ಸು ಆಮೆಯ ತಲೆಯಂತೆ ಹೊರಗೆ ಬಂದು ಒಳಗೆ ಹೋಗುತ್ತದೆ. ಹೋಗುವಾಗ ಗಣಿಯ ಧೂಳನ್ನೂ ಎಳೆದುಕೊಂಡು ಹೋಗುತ್ತದೆ. ಒಳಗೆ ಹೋದದ್ದನ್ನು ತೆಗೆಯುವ ದಾರಿಯಿಲ್ಲ. ಎರಡನೇ ವಾರಕ್ಕೇ ಪ್ರತಿ ಫೋಟೋದ ಬಲಗಡೆ ಬೂದು ಕಲೆಯೊಂದು ಕಾಣಿಸಿಕೊಂಡಿತು. ಎಲ್ಲರನ್ನೂ ಎಡಕ್ಕೆ ನಿಲ್ಲಿಸುವುದು ಅದಕ್ಕೇ. ಫೋಟೋಗಳನ್ನು ಸಾಲಾಗಿ ಇಟ್ಟರೆ ಪ್ರತಿಯೊಬ್ಬನ ಪಕ್ಕದಲ್ಲೂ ಇನ್ನೊಬ್ಬ ನಿಲ್ಲುವಷ್ಟು ಖಾಲಿ ಜಾಗ. ಅದು ಯಾರಿಗೆ ಎಂದು ಒಬ್ಬ ಕೇಳಿದ್ದಕ್ಕೆ, "ನಿನ್ನ ಪಿಂಚಣಿಗೆ. ಬಂದಾಗ ನಿಂತ್ಕೊಳ್ಳುತ್ತೆ," ಎಂದ ಮೆತೋದಿ. ಅವತ್ತು ಯಾರೂ ನಗಲಿಲ್ಲ.

ಕೇವಾ ಮನೆಯ ಬಾಗಿಲಿಗೂ ಒಂದು ಹಾಳೆ ಇದೆ. ಅದು ಅವರ ಗಂಡ ಗೆನಾದಿಯದು. ಒಂಬತ್ತು ವರ್ಷದ ಹಿಂದೆ ಮಾರ್ಚಿನಲ್ಲಿ ಗಣಿಯ ಚಾವಣಿ ಕುಸಿದು ಸತ್ತರು. ಆ ಹಾಳೆಯಲ್ಲಿರುವುದು ಒಂದು ಕಣ್ಣು, ಅರ್ಧ ಮೀಸೆ, ಒಂದು ಕಿವಿ. ಊರು ಅದಕ್ಕೆ 'ಅರ್ಧ ಗೆನಾದಿ' ಎನ್ನುತ್ತದೆ. ಇಡೀ ಊರಿಗೆ ಫೋಟೋ ತೆಗೆಯುವವಳ ಗಂಡನಿಗೆ ಅರ್ಧವೇ ಫೋಟೋ ಎಂದು ಬ್ರೆಡ್ ಅಂಗಡಿಯ ಸಾಲಿನಲ್ಲಿ ಆಡಿಕೊಂಡವರೂ ಇದ್ದಾರೆ.

ಅದರ ಕತೆ ಹೀಗೆ. ನಮ್ಮಲ್ಲಿ ಗಣಿಯ ಬಾಯಿಯಲ್ಲಿ ಹೆಂಗಸು ನಿಂತು ಕಾಯುವುದಿಲ್ಲ. ನಿಂತಿದ್ದಾಳೆ ಎಂದರೆ ಕೆಳಗೇನೋ ಆಗಿದೆ ಎಂದೇ ಅರ್ಥ. ಗೆನಾದಿ ಸಾಯುವುದಕ್ಕೆ ಹಿಂದಿನ ಆಗಸ್ಟಿನಲ್ಲಿ, ಗಣಿಯವರ ಹಬ್ಬದ ದಿನ, ಹೊಸ ಡಿಎಸ್ಎಲ್ಆರ್ನ ಹುಮ್ಮಸ್ಸಿನಲ್ಲಿ ಕೇವಾ ಆ ಕಟ್ಟು ಮುರಿದು ಗಣಿಯ ಬಾಯಿಯ ಎದುರಿಗೇ ಹೋಗಿ ನಿಂತರು. ರಾತ್ರಿ ಪಾಳಿ ಹತ್ತಿ ಬಂತು. ಗೆನಾದಿ ಹೊರಗೆ ಕಾಲಿಟ್ಟವರೇ ಅಂಗೈಯನ್ನು ಮುಖಕ್ಕೆ ಅಡ್ಡ ಹಿಡಿದರು. ಫೋಟೋದಲ್ಲಿ ಬಂದದ್ದು ಆ ಅಂಗೈ. ಕೇವಾ ಕ್ಯಾಮೆರಾ ಇಳಿಸಿ ಹಿಂದೆ ತಿರುಗಿ ನೋಡದೆ ಮನೆಗೆ ನಡೆದರು. ಸಂಜೆ, ನನ್ನನ್ನು ಕಂಡು ನಾಚಿಕೆಯಾಯಿತಾ ಎಂದು ಕೇಳಿದರು. ಗೆನಾದಿ ಮೊದಲೇ ಮಾತು ಕಡಿಮೆಯ ಮನುಷ್ಯ. ಸೂಪು ಕುಡಿದು ಮಲಗಿದರು. ಆಮೇಲೆ ಏಳು ತಿಂಗಳು ಕೇವಾ ಗಂಡನ ಕಡೆ ಕ್ಯಾಮೆರಾ ತಿರುಗಿಸಲಿಲ್ಲ. ಎಂಟನೇ ತಿಂಗಳು ಬರಲೇ ಇಲ್ಲ. ಹಾಳೆಗೆ ಕೊಡಲು ಈಚಿನ ಬೇರೆ ಫೋಟೋ ಇರಲಿಲ್ಲ. ಗುರುತಿನ ಚೀಟಿಯನ್ನು ಕಚೇರಿಯವರು ವಾಪಸು ಪಡೆದಿದ್ದರು. ಹಬ್ಬದ ದಿನದ ಫೋಟೋದಿಂದ ಕೈಯನ್ನು ಕತ್ತರಿಸಿ, ಉಳಿದದ್ದನ್ನು ಅಚ್ಚಿಗೆ ಕೊಟ್ಟರು.

ಬಾಕಿ ಇದ್ದ ಆ ಒಂದು ಮುಖ ರುಸ್ಕೋನದು. ಐವತ್ತೆರಡು ವರ್ಷದ ರುಸ್ಕೋ ಹನ್ನೆರಡು ವರ್ಷ ಗೆನಾದಿಯ ಜೊತೆಗಾರ. ಆಟದ ಸಾಮಾನಾಗಲಿ, ಮೆಷೀನಾಗಲಿ, ಇಳಿಯುವ ಮುಂಚೆ ಯಾವುದೂ ಬೇಡ ಎನ್ನುವವನು. ಈ ತಿಂಗಳು ಅವನಿಗೆ ರಾತ್ರಿ ಪಾಳಿ ಬೇರೆ. ಬೆಳಿಗ್ಗೆ ಆ ಪಾಳಿ ಹತ್ತಿ ಬರುವ ಹೊತ್ತಿಗೆ ಕೇವಾ ಮನೆಗೆ ಹೊರಟುಬಿಟ್ಟಿರುತ್ತಾರೆ. ಒಂಬತ್ತು ವರ್ಷದಿಂದ ಅವರು ಆ ಬಾಯಿಯ ಕಡೆ ಮುಖ ಹಾಕಿದವರಲ್ಲ.

ಇವತ್ತು ಹೊರಡಲಾಗುವುದಿಲ್ಲ. ಐದೂ ಐವತ್ತಕ್ಕೆ ಲೆನ್ಸು ಅರ್ಧ ಹೊರಬಂದು, ಹಲ್ಲು ಕಡಿದಂತೆ ಸದ್ದು ಮಾಡಿ ನಿಂತುಬಿಡುತ್ತದೆ. ಕೇವಾ ಮೆಟ್ಟಿಲ ಮೇಲೆ ಕೂತು ಅದನ್ನು ಅಂಗೈಗೆ ತಟ್ಟುತ್ತಾರೆ, ಊದುತ್ತಾರೆ, ಬ್ಯಾಟರಿ ತೆಗೆದು ಹಾಕುತ್ತಾರೆ. ಮೊದಲ ಪಾಳಿ ಇಳಿದು ಹೋಗುತ್ತದೆ. ಬೆಟ್ಟದ ಮೇಲೆ ಸೂರ್ಯ ಏರುತ್ತಾನೆ. ಆ ಮೆಟ್ಟಿಲಿನಿಂದ ಕಾಣುವ ಗಣಿಯ ಬಾಯಿ ಪೂರ್ವಕ್ಕಿದೆ. ಆರೂ ನಲವತ್ತಕ್ಕೆ ಮಾತು ಕೇಳಿಸಿ ಕೇವಾ ತಲೆ ಎತ್ತಿ ನೋಡುತ್ತಾರೆ.

ಹನ್ನೊಂದು ಜನ ಹೊರಬರುತ್ತಿದ್ದಾರೆ. ಹನ್ನೊಂದು ಜನರ ಕೈಯೂ ಮುಖಕ್ಕೆ ಅಡ್ಡ ಇದೆ.

ಕೈಯ ಸಂದಿಯಿಂದ ಹೆಂಗಸಿನ ಆಕೃತಿ ಕಂಡ ರುಸ್ಕೋ ಓಡಿ ಬರುತ್ತಾನೆ. ಯಾರಿಗೇನಾಯಿತು ಎಂದು ಕೇಳುತ್ತಾನೆ. ಏನೂ ಇಲ್ಲ, ಕ್ಯಾಮೆರಾ ಕೆಟ್ಟಿತು ಎಂದರೆ ಅವನಿಗೆ ನಂಬಿಕೆಯಿಲ್ಲ. ಕೇವಾ ಅವನ ಹಿಂದಿದ್ದವರನ್ನೇ ನೋಡುತ್ತಿದ್ದಾರೆ.

"ಎಲ್ಲಾರೂ ಯಾಕೆ ಮುಖ ಮುಚ್ಕೊಂಡಿದೀರ?"

"ಮುಚ್ಕೊಂಡಿಲ್ಲ ಕೇವಕ್ಕ. ಬಿಸಿಲು. ಎಂಟು ಗಂಟೆ ಕತ್ಲಲ್ಲಿದ್ದು ಬಂದ್ರೆ ಸೂಜಿ ಹಾಗೆ ಚುಚ್ಚುತ್ತೆ. ನೂರು ಹೆಜ್ಜೆ ಹಿಂಗೇ ನಡೀತೀವಿ."

"ಅವತ್ತು ಹಬ್ಬದ ದಿನ..."

"ಅವತ್ತು ನಾನು ಅವನ ಪಕ್ಕದಲ್ಲೇ ಇದ್ನಲ್ಲ. ನಿನ್ನ ಎಲ್ಲಿ ನೋಡ್ದ ಅವನು? ನೀನು ಬಂದಿದ್ದೆ ಅಂತ ಆಮೇಲೆ ನಾವೇ ಹೇಳಿದ್ದು. ಹೌದಾ, ಮತ್ತೆ ನಿಲ್ಲದೇ ಯಾಕೆ ಹೋದ್ಲು ಅಂದ."

ಕೇವಾ ಮೆಟ್ಟಿಲಿನಿಂದ ಏಳುವುದಿಲ್ಲ. ಕೈಯಲ್ಲಿರುವ ಕ್ಯಾಮೆರಾವನ್ನು ಸುಮ್ಮನೆ ತಟ್ಟುತ್ತಲೇ ಇದ್ದಾರೆ. ಒಂದು ಮಾತಿಗೆ ಮುಗಿಯುತ್ತಿದ್ದುದು. ಕೇವಾ ಸರಿಯಾಗಿ ಕೇಳಲಿಲ್ಲ, ಗೆನಾದಿ ಹೇಳಲಿಲ್ಲ. ಹೆಂಗಸು ಆ ಬಾಯಿಯ ಹತ್ತಿರ ನಿಲ್ಲಬಾರದು ಎಂಬ ಕಟ್ಟಿದ್ದುದರಿಂದ, ಗಣಿಯವನ ಹೆಂಡತಿಗೇ ಗಣಿಯವನು ಬೆಳಕಿಗೆ ಬರುವುದು ಹೇಗೆ ಎಂದು ಗೊತ್ತಿರಲಿಲ್ಲ. ಗೊತ್ತಾಗುವಷ್ಟರಲ್ಲಿ ಗಂಡನೂ ಇಲ್ಲ, ಇನ್ನು ಹನ್ನೊಂದು ದಿನಕ್ಕೆ ಗಣಿಯೂ ಇಲ್ಲ.

"ತೆಗಿ," ಎನ್ನುತ್ತಾನೆ ರುಸ್ಕೋ. "ಹತ್ತಿ ಬಂದಾಯ್ತಲ್ಲ. ಈಗ ನನಗೇನು ಭಯ."

ಹತ್ತನೆಯದೋ ಹನ್ನೊಂದನೆಯದೋ ಪ್ರಯತ್ನಕ್ಕೆ ಲೆನ್ಸು ಕೊಸರಾಡಿ ಹೊರಗೆ ಬರುತ್ತದೆ. ಎಡಕ್ಕೆ ನಿಲ್ಲು ಎಂದು ಕೇವಾ ಹೇಳುವುದಿಲ್ಲ. ಕೈ ಇಳಿಸು ಎಂದೂ ಹೇಳುವುದಿಲ್ಲ. ಮಸಿ ಮೆತ್ತಿದ ಮುಖ, ಅಡ್ಡ ಹಿಡಿದ ಅಂಗೈ, ಬೆರಳ ಸಂದಿಯಲ್ಲಿ ಎರಡು ಬಿಳಿ ಕಣ್ಣು. ಸದ್ದಿಲ್ಲದೆ ಅರವತ್ತೊಂದು ಮುಗಿಯುತ್ತದೆ. ಧೂಳಿನ ಕಲೆ ಆ ಮುಖದಲ್ಲೆಲ್ಲೋ ಸೇರಿಹೋಗಿದೆ, ಹುಡುಕಿದರೂ ಸಿಗುವುದಿಲ್ಲ. ಲೆನ್ಸು ಮತ್ತೆ ಒಳಗೆ ಹೋಗುವುದಿಲ್ಲ. ಹಾಗೇ ಜೇಬಿಗಿಳಿಸುತ್ತಾರೆ.

ಮೂವತ್ತನೇ ತಾರೀಖಿನ ನಂತರ ಈ ಅರವತ್ತೊಂದು ಜನ ಜರ್ಮನಿಯ ಗೋದಾಮುಗಳಿಗೋ ಸ್ಪೇನಿನ ತೋಟಗಳಿಗೋ ಚೆದುರಿಹೋಗುತ್ತಾರೆ. ಅಲ್ಲಿ ಯಾರೂ ಬಾಗಿಲಿಗೆ ಹಾಳೆ ಅಂಟಿಸುವುದಿಲ್ಲ. ಇಲ್ಲಿ ಅಂಟಿಸಿದರೂ ನಿಂತು ಓದುವವರು ಉಳಿದಿರುವುದಿಲ್ಲ. ಗಣಿ ಮುಚ್ಚುವವರಿಗೆ ಈ ಲೆಕ್ಕ ಬೇಕಿಲ್ಲ. ಕೇವಾಗೆ ಇದೆಲ್ಲ ಗೊತ್ತಿದೆ. ಫೋಟೋಗಳು ಯಾರ ಉಪಯೋಗಕ್ಕೂ ಬರದೇ ಇದ್ದರೆ ಅದೇ ಒಳ್ಳೆಯದು ಎನ್ನುತ್ತಾರೆ, ಆದರೆ ಆ ಮಾತನ್ನು ನಂಬಿದಂತೆ ಕಾಣುವುದಿಲ್ಲ.

ಬರುವ ಮಾರ್ಚಿಗೆ ಗೆನಾದಿ ಹೋಗಿ ಹತ್ತು ವರ್ಷ. ಹತ್ತನೇ ವರ್ಷದ ಹಾಳೆ ದೊಡ್ಡದಾಗಿರಬೇಕು. ಫೋಟೋ ಯಾವುದು ಎಂದು ಕೇಳಿದರೆ ಕೇವಾ ಎಡಗೈಯಿಂದ ಬಲಭುಜ ಒತ್ತಿಕೊಳ್ಳುತ್ತಾರೆ.

"ಅದೇ. ಹಬ್ಬದ ದಿನದ್ದು. ಈ ಸಲ ಕೈಯನ್ನ ಕತ್ತರಿಸಲ್ಲ."