ದೊಡ್ಡಪ್ಪನ ಹೆಸರಿನ ರಕ್ತ

ನಮ್ಮ ದೊಡ್ಡಪ್ಪನಿಗೆ ಬಿಪಿ ಬಂದದ್ದು ಮನೆಗೆಲ್ಲ ಹೆಮ್ಮೆಯ ಸಂಗತಿಯಾಗಿತ್ತು. ಎಂಬತ್ತರ ದಶಕದ ಕರಜಗಿಯಲ್ಲಿ ಬಡವರಿಗೆ ಜ್ವರ ಬರುತ್ತಿತ್ತು, ದೊಡ್ಡವರಿಗೆ ಬಿಪಿ. ಕಟ್ಟೆಯ ಮೇಲೆ ಕುಳಿತು "ನಮ್ದು ಜರಾ ಗರಂ ರಕ್ತ" ಎಂದು ಮೀಸೆ ತೀಡುವಾಗ, ಅವನಿಗೆ ಬಂದದ್ದು ಬೀಮಾರಿಯೋ ಇನ್ನೊಂದು ಎಕರೆ ನೀರಾವರಿ ಹೊಲವೋ ಎಂದು ಸಂಶಯವಾಗುತ್ತಿತ್ತು.

ಅಫಜಲಪುರದ ಡಾಕ್ಟರಿಗೆ ಆ ಹೆಮ್ಮೆ ಇರಲಿಲ್ಲ. ಬಿಪಿ ಇದ್ದವರ ರಕ್ತದಲ್ಲಿ ಕೊಬ್ಬೂ ಹೆಚ್ಚಿದ್ದರೆ ರಕ್ತನಾಳಗಳು ಒಳಗೊಳಗೇ ಕಟ್ಟುತ್ತವೆ, ಗುಲಬರ್ಗಾಕ್ಕೆ ಹೋಗಿ ಖಾಲಿ ಹೊಟ್ಟೆಯಲ್ಲಿ ರಕ್ತ ತಪಾಸಣೆ ಮಾಡಿಸಿ ಎಂದರು. ಖಾಲಿ ಹೊಟ್ಟೆ ಎಂದ ಕೂಡಲೇ ದೊಡ್ಡಪ್ಪನ ಮುಖ ಇಳಿಯಿತು. ಎದ್ದ ಕೂಡಲೇ ಚಹಾ, ಅದರ ಬೆನ್ನಿಗೆ ಚುರುಮುರಿ ಸುಸಲಾ, ಮೇಲೆ ನಾಲ್ಕು ಮಿರ್ಚಿ ಭಜಿ ಬೀಳದೆ ಅವನಿಗೆ ಬೆಳಗೇ ಆಗುತ್ತಿರಲಿಲ್ಲ. ಸೂಜಿಯ ಹೆದರಿಕೆಯೂ ಇತ್ತು. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ ಇರಲಿಲ್ಲ.

ಆಗ ಅವನ ಕಣ್ಣು ನಮ್ಮಪ್ಪನ ಮೇಲೆ ಬಿತ್ತು. ಅಪ್ಪ ಅವನ ಸ್ವಂತ ತಮ್ಮ. ಲಿಂಗಪೂಜೆಗೆ ಮುಂಚೆ ಹನಿ ನೀರು ಮುಟ್ಟದವನು, ಅಣ್ಣನಿಗೆ ಎದುರು ಮಾತಾಡದವನು.

"ತಮ್ಮಾ, ನೀ ಹೆಂಗೂ ಪೂಜಾ ಆಗೋತನ ಬಾಯಾಗ ನೀರ್ ಹಾಕಂಗಿಲ್ಲ. ಮುಂಜಾನಿ ಮೊದಲ್ ಬಸ್ಸಿಗಿ ಹೋಗಿ ರಕ್ತ ಕೊಟ್ಟ ಬಾ. ನನ್ನ ಹೆಸರ್ ಹೇಳು."

ನಾನು ಕಾಲೇಜು ಮುಗಿಸಿ ಮನೆಯಲ್ಲಿದ್ದೆ. "ದೊಡ್ಡಪ್ಪಾ, ನೋಡಬೇಕಾಗಿದ್ದು ನಿಮ್ಮ ರಕ್ತರಿ, ಅಪ್ಪಂದಲ್ಲ" ಎಂದೆ.

"ನಾಕ್ ಅಕ್ಷರ ಕಲ್ತ ಕೂಡ್ಲೇ ದೊಡ್ಡಾಕಿ ಆದಿ ಏನ್ಬೇ? ಒಂದೇ ಹೊಟ್ಟ್ಯಾಗ ಹುಟ್ಟೇವಿ. ರಕ್ತ ಬ್ಯಾರೆ ಆಗ್ತದೇನು?"

ಕಟ್ಟೆಯ ಮೇಲಿದ್ದ ಹಿರಿಯರೆಲ್ಲ "ಖರೆ ಅದ್ರಿ" ಎಂದು ತಲೆಯಾಡಿಸಿದರು. ಹೊಲ ಪಾಲು ಮಾಡುವಾಗ ಬೇರೆಯಾಗುವ ರಕ್ತ ಸೂಜಿ ಕಂಡಾಗ ಒಂದಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ನಮ್ಮ ಮನೆಯ ಎಮ್ಮೆ ತಾನಾಗಿಯೇ ಬಸ್ಸು ಹತ್ತಿ ಹೋಯಿತು.

ಅಪ್ಪ ರಕ್ತ ಕೊಟ್ಟು ಬರುವಾಗ ಅಣ್ಣನಿಗೆಂದು ಒಂದು ಡಜನ್ ಬಾಳೆಹಣ್ಣು ತಂದ. ದೊಡ್ಡಪ್ಪ ಅದನ್ನು ತಿನ್ನುತ್ತಾ "ಇಷ್ಟ್ ದಪ್ಪ ಸೂಜಿ, ನಾ ಉಫ್ ಅನ್ಲಿಲ್ಲ" ಎಂದು ಬಂದವರಿಗೆಲ್ಲ ಹೇಳಿದ. ನಾಚಿಕೆ ಎಂಬುದು ಅವನ ಓಣಿಯಲ್ಲೂ ಹಾದಿರಲಿಲ್ಲ.

ರಿಪೋರ್ಟು ಕೆಟ್ಟದಾಗಿ ಬಂತು. ಕೊಬ್ಬು ಮಿತಿಮೀರಿದೆ, ಉಪ್ಪು ಎಣ್ಣೆ ತುಪ್ಪ ಬಿಡಿ, ದಿನಾ ನಡೆಯಿರಿ, ಇಲ್ಲದಿದ್ದರೆ ಎದೆಗೆ ಬರುತ್ತದೆ ಎಂದು ಡಾಕ್ಟರು ದೊಡ್ಡಪ್ಪನಿಗೆ ಹೇಳಿದರು. ಇದು ಅಪ್ಪನ ರಕ್ತದ ಗತಿ, ಅಪ್ಪನನ್ನು ತೋರಿಸೋಣ ಎಂದು ನಾನು ಬಡಕೊಂಡೆ. ಅಪ್ಪನೇ ನಕ್ಕ.

"ಹೆಸರ್ ಅಣ್ಣಂದು, ಬೀಮಾರಿನೂ ಅಣ್ಣಂದೇ. ನನಗೇನ್ ಧಾಡಿ ಆಗ್ಯಾದ? ಸುಮ್ನ ಕೂಡು."

ಆ ನಗುವಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ದೊಡ್ಡಪ್ಪನ ಪಥ್ಯ ಶುರುವಾಯಿತು. ಒಣ ರೊಟ್ಟಿ, ಸಪ್ಪನೆಯ ಬೇಳೆ, ಸಂಜೆ ಹೊಲದ ತನಕ ನಡಿಗೆ. ಅವನ ತಟ್ಟೆಯಿಂದ ತಪ್ಪಿದ ತುಪ್ಪ, ಶೇಂಗಾ ಹಿಂಡಿ, ಕರಿದ ಭಜಿ ಹಾಳಾಗಬಾರದೆಂದು ದೊಡ್ಡಮ್ಮ ಎಲ್ಲವನ್ನೂ ಅಪ್ಪನಿಗೆ ಬಡಿಸುತ್ತಿದ್ದಳು. ಅಣ್ಣನ ಪಾಲು ಉಣ್ಣುವ ಪುಣ್ಯವಂತ ಎಂದು ನೆಂಟರು ಹೊಗಳಿದರು. ನಾನು ತುಪ್ಪದ ಡಬ್ಬಿ ಎತ್ತಿಟ್ಟರೆ, ಹಡೆದ ಅಪ್ಪನ ತುತ್ತಿಗೆ ಅಡ್ಡ ಬರುವವಳು ಎಂದು ನನಗೇ ಹೆಸರಿಟ್ಟರು. ಬುದ್ಧಿ ಎಂಬುದು ಆ ಮನೆಯಲ್ಲಿ ಗಂಡಸರ ರುಮಾಲಿನೊಳಗೆ ಮಾತ್ರ ಇರುತ್ತಿತ್ತಲ್ಲ.

ಮುಂದಿನ ಕಬ್ಬು ಕಡಿಯುವ ಹೊತ್ತಿಗೆ ದೊಡ್ಡಪ್ಪ ಬೊಜ್ಜು ಕರಗಿ ಕುದುರೆಯಂತಾಗಿದ್ದ. ಅಪ್ಪ ಹೊಲದ ಬದುವಿನ ಮೇಲೆ ಎದೆ ಹಿಡಿದುಕೊಂಡು ಕುಳಿತವನು ಏಳಲಿಲ್ಲ. ಗುಲಬರ್ಗಾ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು. ಹೃದಯದ ರಕ್ತನಾಳ ಕಟ್ಟಿರಬೇಕು, ಇವರ ರಕ್ತ ಎಂದೂ ತಪಾಸಣೆ ಮಾಡಿಸಿರಲಿಲ್ಲವೇ ಎಂದು ಅಲ್ಲಿನ ಡಾಕ್ಟರು ಕೇಳಿದರು. ದೊಡ್ಡಪ್ಪ ಗೋಡೆ ನೋಡಿದ. ಇದು ಮನೆತನದಲ್ಲೇ ಇರುತ್ತದೆ, ಒಡಹುಟ್ಟಿದವರೂ ಮಕ್ಕಳೂ ತೋರಿಸಿಕೊಳ್ಳಿ ಎಂದು ಹೇಳಿ ಅವರು ಹೋದರು.

ಅಪ್ಪನನ್ನು ಮಣ್ಣು ಮಾಡಿದ ಮೂರನೆಯ ದಿನ ಪಡಸಾಲೆ ತುಂಬ ಜನ. ಆಗಷ್ಟೇ ಮದುವೆಯಾಗಿದ್ದ ನನ್ನ ತಮ್ಮ ಅನ್ನ ಮುಟ್ಟದೆ ಕಂಬಕ್ಕೆ ಒರಗಿ ಕುಳಿತಿದ್ದ. ದೊಡ್ಡಪ್ಪ ಬಹಳ ಹೊತ್ತು ಅವನನ್ನೇ ನೋಡಿದ.

"ಡಾಕ್ಟರ್ ನನಗ ಮತ್ತ ರಕ್ತ ಕೊಡು ಅಂದಾರ. ನೀ ಹೆಂಗೂ ಉಪಾಸ ಅದಿ. ನಾಳಿ ಮುಂಜಾನಿ..."

ಒಬ್ಬಿಬ್ಬರು ಹೌದೆಂಬಂತೆ ತಲೆಯಾಡಿಸಿದರು.

ನಮ್ಮವ್ವ ಮದುವೆಯಾಗಿ ಬಂದಂದಿನಿಂದ ಗಂಡನ ಅಣ್ಣನ ಮುಂದೆ ಬಂದವಳಲ್ಲ, ಅವನ ಕೂಡ ಒಂದು ಮಾತಾಡಿದವಳಲ್ಲ. ಒಳಬಾಗಿಲ ಮರೆಯಿಂದ ಎದ್ದು ಬಂದಳು. ತಲೆಯ ಮೇಲಿನ ಸೆರಗು ಹಿಂದಕ್ಕೆ ಜಾರಿತ್ತು, ಸರಿಮಾಡಿಕೊಳ್ಳಲಿಲ್ಲ. ಮಗನ ಮುಂದೆ ಬಂದು ನಿಂತಳು.

"ಭಾವಾರ, ನಿಮ್ಮ ಹೆಸರಿನ ರಕ್ತ ಮಣ್ಣಾಗ ಇಟ್ಟ ಬಂದೇವಿ. ಈ ಸಲ ನಿಮ್ದು ಕೊಡ್ರಿ."