ಬಚ್ಚಲಲ್ಲಿ ಕಂಡ ಗಂಟು

ಭಾನುವಾರ ಬೆಳಗ್ಗೆ ಹತ್ತೂ ಇಪ್ಪತ್ತಕ್ಕೆ ಅತ್ತೆ ಬಚ್ಚಲಿನಿಂದ ಕೂಗಿದರು: "ಬಂತು ಕಣೇ! ಇಳೀತು, ಬಾ ಇಲ್ಲಿ!"

ಏನು ಇಳಿಯಿತೆಂದು ನಮ್ಮ ಮನೆಯಲ್ಲಿ ಯಾರೂ ಕೇಳಬೇಕಿರಲಿಲ್ಲ. ಮಗ ಹುಟ್ಟಿದಾಗ ಅವನ ಬಲಗಡೆಯ ವೃಷಣ ಹೊಟ್ಟೆಯಿಂದ ಚೀಲಕ್ಕೆ ಇಳಿದಿರಲಿಲ್ಲ. ಕೆಲವು ತಿಂಗಳಲ್ಲಿ ತಾನಾಗಿ ಇಳಿಯಬಹುದು, ಇಲ್ಲದಿದ್ದರೆ ಚಿಕ್ಕ ಆಪರೇಷನ್ ಎಂದು ಡಾಕ್ಟರು ಹೇಳಿದ್ದರು. ಮನೆಗೆ ಬರುತ್ತಿದ್ದ ನರ್ಸ್ ಪ್ರತಿ ಸಲವೂ "ಗ್ರ್ಯಾಂಡ್, ಗ್ರ್ಯಾಂಡ್" (ಇಲ್ಲಿಯವರ ಮಾತಿನಲ್ಲಿ ಎಲ್ಲ ಚೆನ್ನಾಗಿದೆ ಎಂದರ್ಥ) ಎಂದು ಮಗುವಿನ ಕೆನ್ನೆ ತಟ್ಟಿ ಹೋಗುತ್ತಿದ್ದರು. ಬಾಣಂತನಕ್ಕೆಂದು ಮೈಸೂರಿನಿಂದ ನಾವಿರುವ ಕಾರ್ಕ್‌ಗೆ ಬಂದಿದ್ದ ಅತ್ತೆ ಶವರಿನ ಕೆಳಗೆ ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು, ಕಾಲು ನೀಡಿ, ಮಗುವನ್ನು ಕಾಲ ಮೇಲೆ ಮಲಗಿಸಿ ಎಣ್ಣೆ ತಿಕ್ಕಿ ನೀರೆರೆಯುತ್ತಿದ್ದರು. ಎರೆಯುವಾಗೆಲ್ಲ ಅವರ ಕಣ್ಣು ಅಲ್ಲೇ. ಅಂದು ಬಲತೊಡೆಯ ಸಂದಿನಲ್ಲಿ ಗೋಲಿಯಂಥ ಗಂಟು ಕಂಡಿತು.

ಹೆಂಡತಿ ನೋಡಿ ಅತ್ತೇಬಿಟ್ಟಳು. ಬಸಿರಿನ ಮೂರನೇ ತಿಂಗಳಲ್ಲಿ ಅವಳಿಗೆ ಜೋರು ಜ್ವರ ಬಂದಿತ್ತು. ಮಗ ಹುಟ್ಟಿದಾಗಿನಿಂದ ಒಂದೇ ಪ್ರಶ್ನೆ: "ನನ್ನ ಜ್ವರದಿಂದಾನೇ ಹಿಂಗಾಯ್ತಾ?" ಕೇಳುತ್ತಿದ್ದುದು ನನ್ನನ್ನೇ. ಊರ ಹೊರಗಿನ ಲಿಟಲ್ ಐಲ್ಯಾಂಡ್‌ನ ಔಷಧಿ ಕಾರ್ಖಾನೆಯ ಲ್ಯಾಬಿನಲ್ಲಿ ನನ್ನ ಕೆಲಸ. ಸೋಂಕು ಬಂದಾಗ ದೇಹದ ರಕ್ಷಣಾ ಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಿಡುವ ಅಣುಗಳಿವೆ, ಸೈಟೋಕೈನ್ ಎನ್ನುತ್ತಾರೆ. ಅವುಗಳಲ್ಲೊಂದನ್ನು ತಡೆಯುವ ಔಷಧಿಯ ಬ್ಯಾಚುಗಳನ್ನು ನಾನು ಪರೀಕ್ಷೆ ಮಾಡುತ್ತೇನೆ. ಅಷ್ಟಕ್ಕೇ ನನಗೆ ಎಲ್ಲ ಗೊತ್ತು ಎಂದು ಅವಳ ಲೆಕ್ಕ.

ಆದರೆ ಆ ಬೆಳಗ್ಗೆ ಪ್ರಶ್ನೆಯೇ ಬೇಡವಾಯಿತು. ಅತ್ತೆ ಶಾವಿಗೆ ಪಾಯಸಕ್ಕೆ ಹಾಲಿಟ್ಟರು, ಮೈಸೂರಿಗೆ ವಿಡಿಯೊ ಕಾಲ್ ಮಾಡಿ ಮಾವನಿಗೆ ಹೇಳಿದರು, ಮಾವ ಪಕ್ಕದ ಮನೆಯವರಿಗೂ ಹೇಳಿದರು.

ಪಾಯಸ ಆರುವಷ್ಟರಲ್ಲಿ ಮಗು ಚೀರತೊಡಗಿತು. ಹಾಲು ಬಾಯಿಗೆ ತಗೊಳ್ಳಲಿಲ್ಲ.

"ಅಷ್ಟು ಜನಕ್ಕೆ ಹೇಳ್ಬಾರ್ದಿತ್ತು. ದೃಷ್ಟಿ ಆಗಿದೆ," ಎಂದ ಅತ್ತೆ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಬಾಣಲೆಗೆ ಹಾಕಿದರು. ಹೊಗೆಗೆ ಸ್ಮೋಕ್ ಅಲಾರಂ ಬಡಿದುಕೊಂಡಿತು. ನಾನು ಕುರ್ಚಿ ಹತ್ತಿ ಟವೆಲ್ ಬೀಸುತ್ತಿದ್ದೆ, ಕೆಳಗೆ ಅತ್ತೆ "ನೋಡಿ, ಎಷ್ಟು ಕೆಟ್ಟ ದೃಷ್ಟಿ!" ಎನ್ನುತ್ತಿದ್ದರು. ಆ ಗಲಾಟೆಯಲ್ಲಿ ಮಗು ಹಸಿರು ಹಸಿರಾಗಿ ವಾಂತಿ ಮಾಡಿತು. ಡಯಾಪರ್ ಬಿಚ್ಚಿದರೆ ಗೋಲಿ ನಿಂಬೆಹಣ್ಣಿನಷ್ಟಾಗಿ, ಕೆಂಪಗೆ, ಕಲ್ಲಿನಂತಾಗಿತ್ತು.

ಆಸ್ಪತ್ರೆಯಲ್ಲಿ ಎಳೆಯ ಡಾಕ್ಟರ್ ಒಬ್ಬಳು ಮುಟ್ಟಿ ನೋಡಿ, ಓಡಿಹೋಗಿ ಹಿರಿಯರನ್ನು ಕರೆತಂದಳು. ನಾವು ಸಂಭ್ರಮಪಟ್ಟಿದ್ದು ವೃಷಣವನ್ನು ನೋಡಿ ಅಲ್ಲ. ಅದು ಇಳಿಯಬೇಕಿದ್ದ ದಾರಿ ಮುಚ್ಚದೆ ಉಳಿದು, ಅದರೊಳಗೆ ಕರುಳಿನ ಒಂದು ಸುತ್ತು ಜಾರಿ ಬಂದು ಸಿಕ್ಕಿಕೊಂಡಿತ್ತು. ಬಿಡಿಸದಿದ್ದರೆ ಕರುಳು ಕೊಳೆಯುತ್ತದೆ, ಒತ್ತಡಕ್ಕೆ ವೃಷಣದ ರಕ್ತವೂ ನಿಲ್ಲಬಹುದು. ಮಗುವಿಗೆ ನೋವಿನ ಔಷಧಿ ಕೊಟ್ಟು, ಹಿರಿಯ ಡಾಕ್ಟರ್ ಎರಡು ಬೆರಳಿಂದ ಒತ್ತುತ್ತಾ ಕರುಳನ್ನು ಒಳಗೆ ಕಳಿಸಿದರು. ಮಗುವಿನ ಕಾಲು ಹಿಡಿದಿದ್ದವನು ನಾನು. ಈಗಲೂ ಲ್ಯಾಬಿನಲ್ಲಿ ಗ್ಲೌಸ್ ಹಾಕುವಾಗ ಆ ಬೆರಳುಗಳು ಕಣ್ಮುಂದೆ ಬರುತ್ತವೆ, ಆ ಕಾಲುಗಳು ಒದೆಯುತ್ತವೆ.

ಕರುಳು ಮತ್ತೆ ಜಾರದಂತೆ ದಾರಿ ಮುಚ್ಚುವ ಆಪರೇಷನ್‌ಗೆ ಆ್ಯಂಬುಲೆನ್ಸಿನಲ್ಲಿ ಡಬ್ಲಿನ್‌ಗೆ ಕಳಿಸಿದರು. ಅಲ್ಲಿ ಥಿಯೇಟರಿನ ಹೊರಗೆ ಕೂತಾಗ ಹೆಂಡತಿ ಮತ್ತೆ ಅದೇ ಪ್ರಶ್ನೆ ಎತ್ತಿದಳು. ನಾನು ಗೊತ್ತಿದ್ದುದನ್ನೆಲ್ಲ ಹೇಳಿದೆ: ಗರ್ಭದಲ್ಲಿ ವೃಷಣ ರೂಪುಗೊಳ್ಳುವಾಗಲೇ ಅಲ್ಲಿ ರಕ್ಷಣಾ ಕೋಶಗಳಿರುತ್ತವೆ, ಅವು ಬಿಡುವ ಅಣುಗಳಿಗೆ ಅಂಗ ಕಟ್ಟುವುದರಲ್ಲೂ ಪಾಲಿರುವಂತೆ ಕಾಣುತ್ತದೆ, ಅವೇ ಅತಿಯಾದರೆ ವೃಷಣ ಇಳಿಯಲು ಬೇಕಾದ ಗಂಡು ಹಾರ್ಮೋನ್ ಕಡಿಮೆಯಾಗುವುದನ್ನು ಇಲಿಗಳಲ್ಲಿ ಕಂಡಿದ್ದಾರೆ...

"ಇಲಿ ಕಥೆ ಬಿಡು. ನನ್ನ ವಿಷಯ ಹೇಳು."

"ಅದು ಹಂಗೆ ಹೇಳಕ್ಕಾಗಲ್ಲ."

"ಅಂದ್ರೆ ಇರಬಹುದು ಅಂತಲಾ?"

ಇರಬಹುದು, ಇಲ್ಲದಿರಬಹುದು. ಮೈ ಉರಿಯಿತು, ಅವಳ ಮೇಲಲ್ಲ. ಒಂದು ಹನಿಯಲ್ಲಿ ಆ ಅಣು ಎಷ್ಟಿದೆಯೆಂದು ಅಳೆಯಬಲ್ಲ ನಾನು, ಹೆಂಡತಿಗೆ ಹೌದು, ಅಲ್ಲ ಎನ್ನಲಾರೆ.

ಸರ್ಜನ್ ಹೊರಬಂದರು. ಕರುಳು ಚೆನ್ನಾಗಿದೆ, ದಾರಿ ಮುಚ್ಚಿದ್ದೇವೆ, ವೃಷಣವನ್ನೂ ಕೆಳಗೆ ತಂದು ಹೊಲಿದಿದ್ದೇವೆ, ಆದರೆ ಅದು ಬದುಕಿ ಬೆಳೆಯುತ್ತದಾ ಎಂಬುದನ್ನು ಮುಂದೆ ನೋಡಬೇಕು ಎಂದರು. ಹೆಂಡತಿ ಜ್ವರದ ಮಾತು ಕೇಳಿದಳು. ಅವರು ಮೃದುವಾಗಿ, ಯಾರಿಗೂ ಗೊತ್ತಿಲ್ಲ, ನೀವು ಮಾಡಿದ್ದು ಏನೂ ಇಲ್ಲ ಎಂದರು.

"ಗೊತ್ತಿಲ್ಲ ಅಂದ್ಮೇಲೆ, ನಂದಲ್ಲ ಅಂತ ಹೆಂಗೆ ಹೇಳ್ತಾರೆ?" ಎಂದಳು ಲಿಫ್ಟಿನಲ್ಲಿ.

ಮನೆಗೆ ಬಂದಮೇಲೆ ವಾರಗಟ್ಟಲೆ ಯಾರೂ ಸರಿಯಾಗಿ ಮಲಗಲಿಲ್ಲ. ಮಗು ಮಿಸುಕಿದರೆ ಮೂವರೂ ಎದ್ದು ಡಯಾಪರ್ ಬಿಚ್ಚುತ್ತಿದ್ದೆವು. ಅತ್ತೆ ಎರೆಯುವುದನ್ನು ಬಿಟ್ಟು, ಸ್ಟೂಲನ್ನು ಮೂಲೆಗಿಟ್ಟರು.

ಮುಂದಿನ ತಪಾಸಣೆಯಲ್ಲಿ ಡಾಕ್ಟರು ಸ್ಕ್ಯಾನ್ ಮಾಡಿಸಿ, ವೃಷಣ ಕೂರಿಸಿದಲ್ಲೇ ಇದೆ, ರಕ್ತ ಹರಿಯುತ್ತಿದೆ ಎಂದರು. ಹಿಂದಿರುಗುವಾಗ ಕಾರಿನಲ್ಲಿ ಅವಳು ಕೇಳಿದಳು: "ನಿಂಗೆ ನಿಜವಾಗ್ಲೂ ಗೊತ್ತಿಲ್ಲ, ಅಲ್ವಾ?"

"ಗೊತ್ತಿಲ್ಲ."

"ಮೊದ್ಲೇ ಹಂಗೇ ಅನ್ನೋದಲ್ವಾ. ಇಲಿ, ಹಾರ್ಮೋನ್ ಅಂತ ತಲೆ ತಿಂದೆ."

ಸಂಜೆ ಅತ್ತೆ ಸ್ಟೂಲ್ ತೊಳೆದು ಮತ್ತೆ ಶವರಿನ ಕೆಳಗಿಟ್ಟರು. ಮಗುವಿಗೆ ಎರೆಯುವಾಗ ನಾವಿಬ್ಬರೂ ಬಾಗಿಲಲ್ಲಿ ನಿಂತು ನೋಡಿದೆವು. ಮರುದಿನ ನಮ್ಮನ್ನು ಎಬ್ಬಿಸಿದ್ದು ಕಸದ ಲಾರಿ. ಬೆಳಕಾಗಿತ್ತು. ಮಗು ಇನ್ನೂ ಮಲಗಿತ್ತು, ಬಿನ್ ಹೊರಗಿಡುವುದನ್ನು ನಾನು ಮರೆತಿದ್ದೆ.