ಕಾರಿನಲ್ಲೇ ಉಳಿದ ಆಂಟಿ

ಇವತ್ತು ಪಿಸ್ಕಾಟವೇ ಊರಿನ ಅಂಗಡಿಯಲ್ಲಿ ಪಂಜಾಬಿ ಹೆಂಗಸೊಬ್ಬರು ಫೋನಿನಲ್ಲಿ ಸ್ಕೂಲಿಗೆ ‘ಸಕೂಲ್’ ಅಂದರು. ನನ್ನ ಕಾಲು ತಾನಾಗಿ ನಿಂತಿತು.

ನಾನು ಚಿಕ್ಕವನಿದ್ದಾಗ ನಾವಿದ್ದ ಓಲ್ಡ್ ಬ್ರಿಡ್ಜ್ ಎಂಬ ಊರಿನಲ್ಲಿ ಪಕ್ಕದ ಮನೆಯ ಮನ್‌ಜೀತ್ ಆಂಟಿ ತಮ್ಮ ಮಗ ಜಸ್ವಿಂದರ್‌ನ ಜೊತೆ ನನ್ನನ್ನೂ ದಿನಾ ಶಾಲೆಗೆ ಬಿಡುತ್ತಿದ್ದರು. ಕಾರಿನ ತುಂಬ ಮೆಂತ್ಯದ ಪರಾಠೆಯ ವಾಸನೆ. “ಚಲೋ ಬೇಟಾ, ಸಕೂಲ್!” ಸ್ಟೋರನ್ನು ಅವರು ‘ಸಟೋರ್’ ಅನ್ನುತ್ತಿದ್ದರು.

“ಆಂಟಿ ಯಾಕಮ್ಮಾ ಹಾಗಂತಾರೆ?” ಎಂದು ಕೇಳಿದ್ದೆ.

“ನಾವು ಬಸ್‌ಗೆ ಬಸ್ಸು, ಕಾರ್‌ಗೆ ಕಾರು ಅನ್ನಲ್ವೇನೋ? ಅವರದೂ ಹಾಗೇ.”

ಒಮ್ಮೆ ಶಾಲೆಯ ಪೇರೆಂಟ್ಸ್ ಮೀಟಿಂಗಿನಲ್ಲಿ ಆಂಟಿ ಬಾಯಿ ತೆರೆದಾಗಲೆಲ್ಲ ಅಮೆರಿಕನ್ ಟೀಚರ್ “ಸಾರಿ?” ಎಂದು ಹುಬ್ಬೇರಿಸಿದರು. ಹಿಂದೆ ಯಾರೋ ನಕ್ಕರು. ಹೊರಗೆ ಬಂದವನೇ ಜಸ್ವಿಂದರ್, “ಮಮ್ಮಿ, ನೆಕ್ಸ್ಟ್ ಟೈಮ್ ನೀನು ಕಾರಲ್ಲೇ ಇರು, ಪ್ಲೀಸ್” ಅಂದ. ಆಂಟಿ ದುಪಟ್ಟಾ ಸರಿಪಡಿಸಿಕೊಂಡರು.

ಅವನಿಗೆ ವಿಜ್ಞಾನದ ಬಹುಮಾನ ಬಂದ ದಿನ ಅವರು ಕಾರಿನಿಂದ ಇಳಿಯಲೇ ಇಲ್ಲ. ಅಮ್ಮ ಗಾಜು ತಟ್ಟಿ ಕರೆದರೂ, “ನಹೀ ಜೀ, ಇಧರ್ ಹೀ ಠೀಕ್ ಹೈ”, ಇಲ್ಲೇ ಸರಿ, ಎಂದು ನಕ್ಕರು. ಒಳಗೆ ಅದೇ ಟೀಚರ್ ಜಸ್ವಿಂದರ್‌ನನ್ನು ‘ಜ್ಯಾಸ್‌ವೈಂಡರ್’ ಎಂದು ಕೂಗಿದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಇಷ್ಟು ವರ್ಷವಾದರೂ ನನ್ನ ಸಿಟ್ಟು ಆರಿಲ್ಲ. ನಮ್ಮೆಲ್ಲರ ಹೆಸರನ್ನೂ ತಿರುಚುತ್ತಿದ್ದ ಆ ಟೀಚರಿಗೆ ಕಾರಿನಲ್ಲೇ ಕೂತಿರಿ ಎಂದು ಯಾರೂ ಹೇಳಲಿಲ್ಲ.